ಬಾತಿನ ಬೆಲೆ

ನೈಜರ್ ಹೊಳೆ ಮರಳುಗಾಡಿಗೆಂದು ಹೊರಟು
ನಡುದಾರಿಯಲ್ಲಿ ಮನಸ್ಸು ಬದಲಿಸಿ
ಕೈಕಾಲು ಚಾಚಿ ಮಲಗುವ ಜಾಗ ಇದು.
ಆಗಸ್ಟು ಕಳೆದರೆ ನೀರಿಗೆ ದಡವಿಲ್ಲ.
ಬುರ್ಗು ಹುಲ್ಲು ನೀರಿನೊಡನೆ ಪಂಥ ಕಟ್ಟಿ
ಆಳುದ್ದ, ಎರಡಾಳುದ್ದ ಏರುತ್ತದೆ,
ನೀರು ಸೋತ ವರ್ಷ ಅದೂ ಸೋಲುತ್ತದೆ.

ದಂಡೆಯಲ್ಲಿ ನೆಟ್ಟ ಕಬ್ಬಿಣದ ಅಳತೆಗೋಲು,
ಸೆಂಟಿಮೀಟರಿಗೊಂದು ಗೀರು.
ಬೆಳಿಗ್ಗೆ ಏಳಕ್ಕೆ ಬಾಮೊಯೆ ಜೆನೆಪೋ
ಷರಾಯಿ ಮಡಚಿ ಇಳಿಯುತ್ತಾನೆ, ಓದುತ್ತಾನೆ,
ಬರೆಯುತ್ತಾನೆ. ಮೂವತ್ತೊಂದು ವರ್ಷ.
ಸಂಬಳವೂ ಹೊಳೆಯಂತೆಯೇ,
ಕೆಲವು ವರ್ಷ ಇತ್ತ ತಲೆ ಹಾಕುವುದಿಲ್ಲ.

ಮೊಪ್ತಿಯ ಕಚೇರಿಯಿಂದ ದೋಣಿ ಹತ್ತಿ ಬಂದವಳು ನಾನು.
ಅವನ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಬೇಕು,
ಎಷ್ಟು ನೀರಿಗೆ ಎಷ್ಟು ಹಕ್ಕಿ ಎಂದು ಗೆರೆ ಎಳೆಯಬೇಕು.
ಎಣಿಸಿದೆ: ಇಪ್ಪತ್ತೊಂಬತ್ತು ಪುಸ್ತಕ.
ಒಂದನ್ನು ಗೆದ್ದಲು ತಿಂದಿತಂತೆ.
ಇನ್ನೊಂದು, ಗಲಾಟೆಯ ವರ್ಷದ್ದು,
ಬಂದೂಕಿನವರು ಚಹಾ ಕಾಸಲು ಹರಿದುಕೊಂಡರಂತೆ.
ಅಂತೂ ನನ್ನ ಗೆರೆಗೆ ಎರಡು ಹಲ್ಲಿಲ್ಲ.

ಫೋನಿನಲ್ಲಿ ದೊಡ್ಡ ಸಾಹೇಬರು:
'ಆಚೆ ತುದಿ ಈಚೆ ತುದಿ ಹಿಡಿದು ನಡುವೆ ನೇರ ಎಳೆದುಬಿಡು.'
ಬಾಮೊಯೆಗೆ ಹೇಳಿದೆ. ಅವನು ಹೊಳೆಯ ಕಡೆ ನೋಡಿದ,
ಅದಕ್ಕೆ ಕೇಳಿಸಿತೇನೋ ಎಂಬಂತೆ.
ಆಮೇಲೆ, 'ಸಂತೆಯಲ್ಲಿ ನ್ಯಾಗಲೆಯನ್ನು ಕೇಳು' ಎಂದ.

ನ್ಯಾಗಲೆ ಕರಬೆಂತ, ಬಾತು ಮಾರುವವಳು.
ರಷ್ಯಾದ ಜೌಗಿನಲ್ಲಿ ಮೊಟ್ಟೆಯೊಡೆದು
ಮರಳುಗಾಡನ್ನು ರಾತ್ರೋರಾತ್ರಿ ದಾಟಿ ಬಂದ
ಬಿಳಿಹುಬ್ಬಿನ ಬಾತು, ಕಾಲು ಕಟ್ಟಿಸಿಕೊಂಡು
ಬುಟ್ಟಿಯಲ್ಲಿ ಕಣ್ಣು ಪಿಳುಕಿಸುತ್ತಿದೆ.

'ಗಲಾಟೆಯ ವರ್ಷವಾ? ಆಗ ಬಾತೇ ಇಲ್ಲ.
ತಂಗಿಯ ಮದುವೆಗೆ ಕೋಳಿ ಕೊಯ್ದೆವು, ನಾಚಿಕೆಗೇಡು.
ಗೆದ್ದಲಿನ ವರ್ಷ ಬೇಡ, ನೆನಪಿಸಬೇಡ.
ಜೋಡಿಗೆ ನೂರು ಫ್ರಾಂಕ್ ಎಂದರೂ ಯಾರಿಗೂ ಬೇಡ.
ಉಪ್ಪು ಹಾಕಿ ಒಣಗಿಸಿದೆವು, ಉಪ್ಪೂ ಮುಗಿಯಿತು.
ತಿಂಗಳಾದರೂ ಕೈಯಿಂದ ಪುಕ್ಕದ ವಾಸನೆ ಹೋಗಲಿಲ್ಲ.'

ಬರೆದುಕೊಂಡೆ. ಬೆರಳು ಸ್ವಲ್ಪ ನಡುಗಿತು.
ನೀರು ಹರಡಿದರೆ ಹಕ್ಕಿ ಹರಡುತ್ತದೆ,
ಬಲೆ ಬರಿದು, ಬೆಲೆ ದುಬಾರಿ.
ನೀರು ಮುದುಡಿದರೆ ಕೊನೆಯ ಮಡುವೊಂದರಲ್ಲಿ
ಮೈಗೆ ಮೈ ತಾಗಿ ಸಾವಿರಗಟ್ಟಲೆ,
ಒಂದು ರಾತ್ರಿ, ಒಂದು ಬಲೆ.
ಅಗ್ಗವೆಂದರೆ ಇಲ್ಲಿ ಬರ.
ಉಳಿದ ವರ್ಷಗಳ ಬೆಲೆಯನ್ನೂ ಕೇಳಿದೆ,
ತಡವರಿಸದೆ ಒಪ್ಪಿಸಿದಳು,
ಅಳತೆಗೋಲಿನ ಪಕ್ಕ ಇಟ್ಟು ನೋಡಿದರೆ
ಎರಡೋ ಮೂರೋ ಕಡೆ ಬಿಟ್ಟು ತಪ್ಪಿಲ್ಲ.

'ಇದನ್ನೆಲ್ಲ ಯಾರಿಗೆ ಹೇಳುತ್ತೀ?'
ಮೇಲೆ ಅಣೆಕಟ್ಟಿನ ಬಾಗಿಲು ತೆರೆಯುವವರಿಗೆ, ಎಂದೆ.
'ಅವರು ಬಾತು ತಿನ್ನುತ್ತಾರಾ?'
ಗೊತ್ತಿಲ್ಲ ಎಂದೆ.
'ಹಾಗಾದರೆ ಸೆಂಟಿಮೀಟರಿನಲ್ಲೇ ಹೇಳು.'

ಆಗ ಕಂಡದ್ದು, ಅವಳ ಮೊಮ್ಮಗುವಿನ ಉಡಿದಾರ.
ಮಣಿಗಳ ನಡುನಡುವೆ ಅಲ್ಯುಮಿನಿಯಂ ಉಂಗುರ,
ಎಲ್ಲೋ ಯಾರೋ ಹಕ್ಕಿಯ ಕಾಲಿಗೆ ತೊಡಿಸಿ
ಊರ ಹೆಸರು, ಅಂಕಿ ಕೊರೆದು ಹಾರಬಿಟ್ಟದ್ದು.
ಎಷ್ಟು ವರ್ಷದಿಂದ ಯಾರು ಕಾಯುತ್ತಿದ್ದಾರೋ
ಈ ಅಂಕಿ ಎಲ್ಲಾದರೂ ಕಂಡೀತೆಂದು.
'ನೀರಿನ ಕಡೆ ಹೋದರೆ ಸದ್ದಾಗಲಿ ಅಂತ ಕಟ್ಟಿದ್ದು,'
ಅವಳು ಇನ್ನೊಂದು ಬಾತಿನ ಗಂಟು ಬಿಗಿದಳು.

ಮಂಡಿಯೂರಿ ಕುಳಿತೆ. ಮಗುವಿಗೆ ಕಚಗುಳಿ.
ಒಂದೊಂದೇ ಉಂಗುರ ತಿರುಗಿಸಿ, ಮಣ್ಣು ಒರೆಸಿ,
ಏಳು, ಎಂಟು, ಒಂಬತ್ತು
ಬರೆಯುವಷ್ಟರಲ್ಲಿ ಕೈಯಿಂದ ನುಸುಳಿ
ಕಿಣಿಕಿಣಿ ಓಡಿತು, ಹೊಳೆಯ ಕಡೆಗೆ.
ಇಡೀ ಸಂತೆ ಎದ್ದು ನಿಂತಿತು.